ಕರುವಿನ ಪಾಲಿನ ಗಿಣ್ಣು

ಮನೆ ತೋರಿಸುವ ಮೊದಲು ಅವರು ನಾನು ಏನು ತಿನ್ನುತ್ತೇನೆ ಎಂದು ಕೇಳಿದರು. ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಕುಮಟೆಯಿಂದ ಬಸ್ಸು ಬದಲಿಸುತ್ತಾ ಬದಲಿಸುತ್ತಾ ಯಳಂದೂರಿಗೆ ಬಂದು, ಸೊಂಟ ಹಿಡಿದುಕೊಂಡು ನಿಂತಿದ್ದೆ. ಗೇಟಿನಾಚೆ ನಿಂತಿದ್ದ ಹೆಂಗಸು ಗೇಟಿನ ಚಿಲಕಕ್ಕೆ ಕೈ ಹಾಕಲೇ ಇಲ್ಲ.

"ಯಾವೂರವ್ವ?"

"ಕುಮಟಾ. ಉತ್ತರ ಕನ್ನಡ."

"ಸಮುದ್ರದ ಕಡೇವ್ರಾ? ಅಂಗಾರೆ ಮೀನು ತಿಂತೀರ."

ನಾನು ಉತ್ತರ ಕೊಡುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು. ಮುಂದಿನ ಬೀದಿಯಲ್ಲೂ ಅದೇ ಆಯಿತು, ಅದರ ಮುಂದಿನ ಬೀದಿಯಲ್ಲೂ ಅದೇ. ಒಂಟಿ ಹೆಂಗಸು ಎನ್ನುವುದನ್ನು ಕೆಲವರು ಹೇಗೋ ನುಂಗಿಕೊಂಡರು. ಮೀನನ್ನು ಯಾರೂ ನುಂಗಿಕೊಳ್ಳಲಿಲ್ಲ.

ಕುಮಟೆಯಲ್ಲಿ ಕೂತು ಇದನ್ನು ಓದುವ ನಿಮಗೆ ನಗು ಬರಬಹುದು. ನಮ್ಮ ಬದಿಯಲ್ಲಿ ಬಾಡಿಗೆಗೆ ಮನೆ ಕೊಡುವವರು ಬಾವಿ ಯಾವಾಗ ಬತ್ತುತ್ತದೆ, ಮಳೆಗಾಲದಲ್ಲಿ ಮಾಡು ಎಲ್ಲಿ ಸೋರುತ್ತದೆ ಎಂದು ಮೊದಲು ಹೇಳುತ್ತಾರೆ. ಸುಳ್ಳೇಕೆ, ನಮ್ಮಲ್ಲೂ ಹೀಗೆ ಕೇಳುವ ಕೇರಿಗಳಿವೆ. ಆ ಕೇರಿಗಳಲ್ಲಿ ನಾವು ಮನೆ ಹುಡುಕುತ್ತಿರಲಿಲ್ಲ, ಅಷ್ಟೇ. ಇಲ್ಲಿ ಹುಡುಕದೆ ಗತಿ ಇರಲಿಲ್ಲ. ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸು ನಾನು, ಪಾಳಿ ಮುಗಿಸಿ ನಡೆದು ಬರುವಷ್ಟು ದೂರದಲ್ಲಿ ಒಂದು ಸೂರು ಬೇಕಿತ್ತು.

ಕೊನೆಗೆ ಮಾದೇವಮ್ಮನ ಮನೆಯ ಹಿಂಭಾಗದ ಎರಡು ಕೋಣೆ ಸಿಕ್ಕಿತು. ಮಾದೇವಮ್ಮ ಮತ್ತು ಗಂಡ ಸಿದ್ದಪ್ಪ ಇಬ್ಬರೇ ಇರುವ ಮನೆ. ಹಣೆಯ ತುಂಬ ವಿಭೂತಿ, ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು. ಮಾದೇವಮ್ಮ ನನ್ನನ್ನು ಒಳಗೆ ಕರೆದು, ನೀರು ಕೊಟ್ಟು, ಆಮೇಲೆ ಮಾತಾಡಿದರು.

"ನೋಡವ್ವ, ಆಚ್ಗ ಓಗಿ ಏನಾರ ತಿನ್ನು, ನಾ ಕೇಳಾಕಿಲ್ಲ. ಈ ವಸ್ಲು ದಾಟಿ ಮಾತ್ರ ಜೀವ ತಗ್ದಿದ್ದು ಒಳಕ್ಕ ಬರಬಾರ್ದು. ನಮ್ಮ ಮನ್ಯಾಗ ಒಂದ್ ಇರುವೆ ಸತ್ರೂವಿ ನಮಗ ಸಂಕಟ ಆಯ್ತದ."

ನಾನು ಒಪ್ಪಿಕೊಂಡೆ. ಅಕ್ಕ ಡಬ್ಬಿಯಲ್ಲಿ ಹಾಕಿಕೊಟ್ಟಿದ್ದ ಒಣಸಿಗಡಿಯ ಚಟ್ನಿಪುಡಿಯನ್ನು ವಾರ್ಡಿನ ಆಯಾಗೆ ಕೊಟ್ಟುಬಿಟ್ಟೆ. ಅವಳು ಮಾರ್ಟಳ್ಳಿ ಕಡೆಯವಳು, ಕನ್ನಡ ತಮಿಳು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಮರುದಿನ ಬಂದು ಡಬ್ಬಿ ಖಾಲಿ ಎಂದು ಹೇಳಿದಾಗ ನನಗೆ ಅಳು ಬಂತು.

ಆಮೇಲಿನದು ಹೊಸ ಊರಿಗೆ ಬಂದ ಎಲ್ಲರ ಪಾಡು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿತೆ. ಉಪ್ಸಾರು ಎಂದರೆ ಸೊಪ್ಪು ಕಾಳು ಬೇಯಿಸಿದ ಉಪ್ಪುನೀರು, ಪಕ್ಕದಲ್ಲಿ ಮೆಣಸಿನಕಾಯಿ ಅರೆದ ಖಾರ. ಮೊದಲು ಅದು ರೋಗಿಗೆ ಕೊಡುವ ಗಂಜಿಯಂತೆ ಕಂಡಿತು, ಈಗ ವಾರಕ್ಕೊಮ್ಮೆ ಬೇಕೇ ಬೇಕು. ಇಲ್ಲಿಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ ಅವರ ಮಾತು ಅರ್ಥವಾಗತೊಡಗಿತು. ನನ್ನ ಮಾತು ಮಾತ್ರ ಅವರಿಗೆ ಈಗಲೂ ರೇಡಿಯೋ ವಾರ್ತೆಯಂತೆ ಕೇಳುತ್ತದಂತೆ. ಭಾನುವಾರ ಕೊಳ್ಳೇಗಾಲಕ್ಕೆ ಬಸ್ಸು ಹತ್ತಿ ಒಂದು ಹೋಟೆಲಿನಲ್ಲಿ ಹೊಳೆಮೀನು ತಿನ್ನುತ್ತಿದ್ದೆ. ಅದಕ್ಕೆ ಕೆಸರಿನ ವಾಸನೆ. ಬಂಗಡೆ ತಿಂದು ಬೆಳೆದ ನಾಲಗೆಗೆ ಅದು ಮೀನೇ ಅಲ್ಲ, ಆದರೂ ಮುಳ್ಳು ಚೀಪಿ ಬರುತ್ತಿದ್ದೆ.

ಇದರ ನಡುವೆ ನಮ್ಮ ಆಸ್ಪತ್ರೆಯ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, ಸಕ್ಕರೆ ಏರಿದೆ, ಕೊಬ್ಬೂ ಏರಿದೆ, ಇನ್ನು ಸಿಹಿ, ತುಪ್ಪ, ಕೆನೆ ಮುಟ್ಟಬೇಡಿ ಎಂದರು. ನಾನು ದಿನವೂ ಬೇರೆಯವರಿಗೆ ಹೇಳುವ ಮಾತನ್ನೇ ಅವರು ನನಗೆ ಹೇಳಿದ್ದರು. ಮೀನು ಹೋಯಿತು, ಸಿಹಿ ಹೋಯಿತು. ಸಂಜೆ ಬಾಗಿಲು ಹಾಕಿಕೊಂಡರೆ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ.

ಮಾದೇವಮ್ಮ ಇಲ್ಲದಿದ್ದರೆ ನಾನು ಆ ವರ್ಷವೇ ಕೆಲಸ ಬಿಟ್ಟು ಓಡಿ ಬರುತ್ತಿದ್ದೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಮುಂದೆ ಬರೆಯುವುದನ್ನು ಓದಿ ನೀವು ಅವರನ್ನು ಕೆಟ್ಟವರೆಂದು ತಿಳಿಯಬಾರದು. ನನಗೆ ಚಿಕುನ್‌ಗುನ್ಯಾ ಬಂದು ಕೈಕಾಲು ಮಡಚಲಾಗದೆ ಮಲಗಿದ್ದಾಗ ತಲೆ ಬಾಚಿ ಜಡೆ ಹಾಕಿದವರು ಅವರು. ಅನ್ನ ಕಲಸಿ ಬಾಯಿಗಿಟ್ಟವರು ಅವರು. ನನ್ನ ಸ್ವಂತ ಅಕ್ಕ ಫೋನಿನಲ್ಲಿ "ಹುಷಾರು ಮಾರಾಯ್ತಿ" ಎಂದದ್ದು ಬಿಟ್ಟರೆ ಇನ್ನೇನು ಮಾಡಲು ಸಾಧ್ಯವಿತ್ತು?

ಒಂದು ಬೆಳಿಗ್ಗೆ ಅವರ ಹಿರಿಯ ಹಸು ಕರು ಹಾಕಿತು. ಸಂಜೆ ಪಾಳಿ ಮುಗಿಸಿ ಬಂದಾಗ ಮಾದೇವಮ್ಮ ಸ್ಟೀಲಿನ ಡಬ್ಬಿ ಹಿಡಿದು ನನ್ನ ಬಾಗಿಲಲ್ಲೇ ನಿಂತಿದ್ದರು.

"ಗಿಣ್ಣು ಕಣವ್ವ. ಮೊದಲ ಕರಾವಿಂದು. ಬಿಸಿ ಐತೆ, ತಿನ್ನು."

"ನನಗೆ ಸಕ್ಕರೆ ಕಾಯಿಲೆ, ಮಾದೇವಮ್ಮ. ಡಾಕ್ಟ್ರು..."

"ಗಿಣ್ಣ ಬ್ಯಾಡ ಅನ್ನಬಾರ್ದು. ಅಸ ಕೆಚ್ಚಲು ಬತ್ತಿಸ್ಬುಡ್ತದ. ಒಂದ್ ಚೂರಾರ ಬಾಯಿಗಾಕು."

ಒಂದು ಚೂರು ಬಾಯಿಗೆ ಹಾಕಿದೆ. ಕುಮಟೆಯಲ್ಲೂ ಗಿಣ್ಣು ತಿಂದವಳು ನಾನು, ಆದರೆ ಅದು ಮೂರನೆಯ ದಿನದ ಹಾಲು, ನೀರು ನೀರು. ಇದು ಅರಿಶಿನದ ಬಣ್ಣದ ಗಟ್ಟಿ ಗಿಣ್ಣು. ಚಾಕುವಿನಿಂದ ಕತ್ತರಿಸಲು ಬರುವಷ್ಟು ಗಟ್ಟಿ, ನಾಲಗೆಗಿಟ್ಟರೆ ತಡೆಯಿಲ್ಲದೆ ಕರಗುವಷ್ಟು ಮೆತ್ತಗೆ. ಆಲೆಮನೆಯ ಬೆಲ್ಲ, ಏಲಕ್ಕಿ, ಮೇಲೆ ಕೆನೆಯ ಪದರ. ಒಲೆಯ ಮುಂದೆ ನಿಂತುಕೊಂಡೇ ಡಬ್ಬಿ ಖಾಲಿ ಮಾಡಿದೆ. ಬೆರಳು ಹಾಕಿ ತಳ ಬಳಿದೆ. ಬಹಳ ದಿನಗಳ ಮೇಲೆ ಯಾರೋ ನನ್ನ ಮೈದಡವಿದಂತಾಯಿತು. ಡಾಕ್ಟರ ಮುಖ ನೆನಪಾಯಿತು, ಆದರೆ ಅಷ್ಟರಲ್ಲಿ ತಿಂದಾಗಿತ್ತು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕರುವನ್ನು ನೋಡಿದೆ. ತಾಯಿಯಿಂದ ದೂರ, ನಲ್ಲಿಯ ಪಕ್ಕದ ಕಲ್ಲುಕಂಬಕ್ಕೆ ಕಟ್ಟಿದ್ದರು. ಕಪ್ಪು ಬಿಳಿ ಬಣ್ಣ, ಹಣೆಯ ಮೇಲೆ ಯಾರೋ ಎಳೆದ ವಿಭೂತಿ. ನನ್ನ ಕೈಯ ವಾಸನೆ ಹಿಡಿದು ಬೆರಳನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು. ಆ ಬೆರಳಲ್ಲಿ ಇನ್ನೂ ಗಿಣ್ಣಿನ ಜಿಡ್ಡಿತ್ತು.

ನನ್ನ ಕೆಲಸ ಏನೆಂದು ನಿಮಗೆ ಹೇಳಿದೆನಲ್ಲ. ದಿನ ಬೆಳಗಾದರೆ ಬಾಣಂತಿಯರ ಮಂಚದ ಬಳಿ ನಿಂತು ನಾನು ಹೇಳುವುದು ಒಂದೇ ಮಾತು. ಮೊದಲ ಹಾಲು ಹಿಂಡಿ ಚೆಲ್ಲಬೇಡಿ, ಅದು ಗಿಣ್ಣುಹಾಲು, ಅದನ್ನೇ ಮಗುವಿಗೆ ಕುಡಿಸಿ, ಹುಟ್ಟಿದ ಗಂಟೆಯೊಳಗೆ ಕುಡಿಸಿ, ರೋಗ ತಡೆಯುವ ಶಕ್ತಿಯೆಲ್ಲ ಅದರಲ್ಲಿದೆ. ಅಜ್ಜಿಯರು ಬೇಡವೆಂದರೆ ಅವರೊಂದಿಗೆ ಜಗಳಕ್ಕೂ ನಿಲ್ಲುತ್ತೇನೆ.

ಮರುದಿನ ಮಾದೇವಮ್ಮನನ್ನು ಕೇಳಿದೆ.

"ಕರುವಿಗೆ ಹಾಲು ಬಿಟ್ಟಿರಾ?"

"ಬುಟ್ವಲ್ಲ, ಸೊರ ಬುಡೋಗಂಟ."

ಕೆಚ್ಚಲಿಗೆ ಹಾಲು ಇಳಿಯುವುದಕ್ಕೆ ಇವರು ಸೊರ ಬಿಡುವುದು ಎನ್ನುತ್ತಾರೆ. ಅಂದರೆ ಕರು ನಾಲ್ಕು ಸಲ ಮೊಲೆ ಚೀಪುತ್ತದೆ, ಹಾಲು ಇಳಿದ ತಕ್ಷಣ ಎಳೆದು ಕಟ್ಟುತ್ತಾರೆ.

"ಮೊದಲ ಹಾಲು ಅದಕ್ಕೇ ಬೇಕಲ್ವಾ, ಮಾದೇವಮ್ಮ? ಹೊಟ್ಟೆ ತುಂಬ ಬಿಡಿ. ನನಗೆ ಗಿಣ್ಣು ಬೇಡ, ನನ್ನ ಪಾಲು ಅದಕ್ಕೆ ಕೊಡಿ."

ಅವರು ನಕ್ಕುಬಿಟ್ಟರು. "ಎಣ್ಣಾಗಿದ್ರೆ ಬುಡ್ತಿದ್ವಿ ಕಣವ್ವ, ನಾಳೀಕ ಆಲು ಕೊಡೋದು ಅಂತ. ಇದು ಗಂಡು, ಓರಿಗರ. ಉಳೋಕ ಟ್ರಾಕ್ಟ್ರು ಐತೆ, ಇದ ಕಟ್ಕಂಡು ಏನ್ ಮಾಡಾಣ? ಬ್ಯಾರೇವ್ರಂಗ ಕಟುಕರ್ಗ ಕೊಡೋ ಜನ ನಾವಲ್ಲ. ಇರೋಗಂಟ ಇರ್ಲಿ."

"ಹಾಲಿಲ್ಲದೆ ಎಷ್ಟು ದಿನ ಇರುತ್ತೆ?"

"ಮನ್ಸರ ಮಕ್ಳೂ ದನ್ವೂ ಒಂದೇನವ್ವ? ನೀ ಆಸ್ಪತ್ರೆ ಮಾತ್ನ ಕೊಟ್ಗೆಗ ತರಬ್ಯಾಡ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಅಲ್ಲಿಗೆ ಮಾತು ಮುಗಿಯಿತು ಎನ್ನುವುದು ನನಗೆ ತಿಳಿಯಿತು. ಇನ್ನೊಂದು ಮಾತಾಡಿದರೆ ನಾನು ಮತ್ತೆ ಸಮುದ್ರದ ಕಡೆಯವಳಾಗುತ್ತಿದ್ದೆ, ಜೀವ ತಿನ್ನುವವಳು ನಮಗೆ ಬುದ್ಧಿ ಹೇಳಲು ಬಂದಳು ಎನ್ನುವ ಮಾತು ಬರುತ್ತಿತ್ತು.

ರಾತ್ರಿ ಅಕ್ಕನಿಗೆ ಫೋನು ಮಾಡಿದೆ.

"ಎಂತಕೆ ತಲೆ ಕೆಡಿಸ್ಕಂತೆ? ನಾವು ಏಡಿ ಕಾಲು ಮುರೂಕಾರೆ ಅದ್ರ ಹತ್ರ ಕೇಳಿ ಮುರೀತ್ರನೆ?" ಎಂದಳು. "ಸಿಕ್ಕಿದ ಮನೆ ಕಳ್ಕಣಬೇಡ. ಸುಮ್ನಿರು."

ನಿಜ, ನಾವು ಏಡಿಯ ಕಾಲನ್ನು ಜೀವಂತವಾಗಿಯೇ ಮುರಿಯುತ್ತೇವೆ. ಅದು ಸಾಯುವುದನ್ನು ನೋಡುತ್ತೇವೆ, ಕೊಂದದ್ದು ನಾವೇ ಎಂದು ನಮಗೆ ಗೊತ್ತಿರುತ್ತದೆ, ಆಮೇಲೆ ಚಪ್ಪರಿಸಿ ತಿನ್ನುತ್ತೇವೆ. ಇದೇನು ದೊಡ್ಡ ಪುಣ್ಯದ ಕೆಲಸವಲ್ಲ. ಆದರೆ ಏಡಿ ಸತ್ತದ್ದಕ್ಕೆ ಅದರ ಹಣೆಬರಹವನ್ನು ದೂರುವುದಿಲ್ಲ. ಇಲ್ಲಿ ಯಾರೂ ಕೊಲ್ಲುವುದಿಲ್ಲ. ಕೊಡಬೇಕಾದದ್ದನ್ನು ಕೊಡದೆ ಕಾಯುತ್ತಾರೆ.

ಅಂದ ಹಾಗೆ ಗಿಣ್ಣು ನಿಲ್ಲಲಿಲ್ಲ. ಎರಡನೆಯ ಕರಾವಿನದೂ ಬಂತು, ಮೂರನೆಯದೂ ಬಂತು. ಒಂದನ್ನು ಆಯಾಗೆ ಕೊಡೋಣವೆಂದು ಎತ್ತಿಟ್ಟೆ. ಸಂಜೆಯ ಹೊತ್ತಿಗೆ ಮುಚ್ಚಳ ತೆಗೆದು ಅದನ್ನೂ ತಿಂದೆ. ಗೋಡೆಯಾಚೆ ಕರು ಕೂಗುತ್ತಿತ್ತು. ನಾನು ಪ್ಯಾಕೆಟ್ಟಿನ ಹಾಲು ಕಾಯಿಸಿ, ತಣಿಸಿ, ಮಾದೇವಮ್ಮ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಲೋಟದಲ್ಲಿ ಕುಡಿಸಲು ಹೋದೆ. ಅರ್ಧ ನೆಲಕ್ಕೆ, ಅರ್ಧ ಅದರ ಗಂಟಲಿಗೆ. ಕರುವಿಗೆ ಭೇದಿ ಹಿಡಿಯಿತು. ನನ್ನ ಹಾಲಿನಿಂದಲೋ, ತಾಯಿಯ ಹಾಲಿಲ್ಲದ್ದಕ್ಕೋ, ನನಗೆ ಗೊತ್ತಿಲ್ಲ. ದನದ ಡಾಕ್ಟರನ್ನು ಕರೆಸೋಣ ಎಂದು ಸಿದ್ದಪ್ಪನವರಿಗೆ ಹೇಳಿದೆ. "ನಾಳಾ ನೋಡಾಣ" ಎಂದರು. ನಾನೇ ಕರೆಸಬಹುದಿತ್ತು. ಬಾಡಿಗೆಗಿರುವವಳು ಮಾಲೀಕರ ಕೊಟ್ಟಿಗೆಗೆ ಡಾಕ್ಟರನ್ನು ಕರೆಸುವುದು ಹೇಗೆ ಎಂದು ಯೋಚಿಸುತ್ತಾ ಕೂತೆ.

ಕೂಗು ದಿನದಿಂದ ದಿನಕ್ಕೆ ಸಣ್ಣದಾಯಿತು. ಮೊದಲು ರೇಡಿಯೋ ಜೋರು ಮಾಡಬೇಕಾಗುತ್ತಿತ್ತು, ಆಮೇಲೆ ಅದರ ಅಗತ್ಯ ಬೀಳಲಿಲ್ಲ.

ಅದು ಸತ್ತದ್ದು ನಡು ಮಧ್ಯಾಹ್ನ. ನನಗೆ ರಜೆಯಿತ್ತು. ಮಾದೇವಮ್ಮನ ಅಳು ಕೇಳಿ ಓಡಿದೆ. ಅವರು ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೆರಗಿನಿಂದ ಅದರ ಮೂತಿ ಒರೆಸುತ್ತಿದ್ದರು. ಅದು ನಾಟಕವಾಗಿರಲಿಲ್ಲ. ಬೀದಿಯ ಹೆಂಗಸರು ಬಂದು ಸುತ್ತ ನಿಂತರು. ಅವರೆಲ್ಲರ ಮನೆಗೂ ಗಿಣ್ಣು ಹೋಗಿತ್ತು. ಸಿದ್ದಪ್ಪ ಗುದ್ದಲಿ ತೆಗೆದುಕೊಂಡು ಕಬ್ಬಿನ ಗದ್ದೆಯ ಬದುವಿಗೆ ಹೊರಟರು.

ಯಾರೋ ಒಬ್ಬಾಕೆ, "ಸರ್ಯಾಗಿ ಆಲು ಬುಟ್ಟಿದ್ರಾ ಮಾದೇವಕ್ಕಾ?" ಎಂದು ಕೇಳಿಬಿಟ್ಟಳು.

ಮಾದೇವಮ್ಮ ತಲೆ ಎತ್ತಿದರು. ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ನಿಜ ಏಳವ್ವ ಸಿಸ್ಟ್ರಮ್ಮ. ನೀ ಇಲ್ಲೇ ಇರೋಳು, ಓದಿರೋಳು, ದಿನಾ ನೋಡಿದೀಯೆ. ನಾವೇನಾರ ಕಮ್ಮಿ ಮಾಡಿದ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಂದಂದಿನಿಂದ ಆ ಬೀದಿಯಲ್ಲಿ ಯಾರೂ ನನ್ನ ಮಾತಿಗೆ ಹೀಗೆ ಕಾದದ್ದಿಲ್ಲ. ಹೆರಿಗೆ ವಾರ್ಡಿನಲ್ಲಿ ಅಜ್ಜಿಯರೊಂದಿಗೆ ಜಗಳಾಡುವ ಬಾಯಿ ನನ್ನದೇ. ಅದೇ ಬಾಯಿಂದ ಹೇಳಿದೆ:

"ಇಲ್ಲ ಮಾದೇವಮ್ಮ. ನೀವು ಏನೂ ಕಡಿಮೆ ಮಾಡಲಿಲ್ಲ. ಅದರ ಆಯುಸ್ಸೇ ಅಷ್ಟಿತ್ತು."

ಅವರು ನನ್ನ ಕೈ ಹಿಡಿದುಕೊಂಡು ಅತ್ತರು. ಕೇಳಿದ ಹೆಂಗಸು ತಲೆ ತಗ್ಗಿಸಿಕೊಂಡಳು. ಆ ಸಂಜೆ ಮಾದೇವಮ್ಮ ಊಟ ಬಿಟ್ಟರು, ದೇವರ ಮುಂದೆ ದೀಪ ಹಚ್ಚಿದರು. ಮರುದಿನದಿಂದ ಅವರ ಮನೆಗೂ ನನ್ನ ಕೋಣೆಗೂ ನಡುವಿನ ಬಾಗಿಲಿಗೆ ತಮ್ಮ ಕಡೆಯಿಂದ ಚಿಲಕ ಹಾಕುವುದನ್ನು ನಿಲ್ಲಿಸಿದರು. ನೆಂಟರು ಬಂದರೆ "ನಮ್ಮ ಸಿಸ್ಟ್ರಮ್ಮ, ನಮ್ಮೋರೇ" ಎಂದು ಪರಿಚಯ ಮಾಡಿಕೊಡುತ್ತಾರೆ. ಬೀದಿಯಲ್ಲಿ ಯಾರೂ ಈಗ ಸಮುದ್ರದ ಮಾತೆತ್ತುವುದಿಲ್ಲ. ಒಂದು ಕರುವಿನ ಮೇಲೆ ಸುಳ್ಳು ಸಾಕ್ಷಿ ಹೇಳಿ ನಾನು ಯಳಂದೂರಿನವಳಾದೆ.

ಮೊನ್ನೆ ರಜೆಗೆ ಕುಮಟೆಗೆ ಬಂದಿದ್ದಾಗ ಅಕ್ಕ ಏಡಿ ತಂದಿದ್ದಳು. ಕಾಲು ಮುರಿಯುವ ಸದ್ದಿಗೆ ನಾನು ಎದ್ದು ಹೊರಗೆ ಹೋದೆ. ಅಕ್ಕ ನಕ್ಕಳು, "ಅವ್ರ ಹಂಗೇ ಆಗೋದೆ ನೋಡು" ಎಂದಳು. ಊಟಕ್ಕೆ ಕೂತಾಗ ತಿಂದೆ, ಚೆನ್ನಾಗಿಯೇ ತಿಂದೆ. ವರ್ಗಾವಣೆಗೆ ಅರ್ಜಿ ಹಾಕು, ಊರಿಗೆ ಬಂದುಬಿಡು ಎಂದು ಆಕೆ ಈಗಲೂ ಹೇಳುತ್ತಾಳೆ. ಹಾಕಿಲ್ಲ. ಅಲ್ಲಿದ್ದಾಗ ಮಾದೇವಮ್ಮನ ಅಂಗಳ ನೆನಪಾಗುತ್ತದೆ, ಇಲ್ಲಿದ್ದಾಗ ಕಡಲಿನ ವಾಸನೆ ಬೇಕೆನಿಸುತ್ತದೆ. ಎರಡೂ ಕಡೆ ಬಾಯಿ ಮುಚ್ಚಿಕೊಂಡು ತಿನ್ನುವುದನ್ನು ಕಲಿತಿದ್ದೇನೆ.

ಮಾದೇವಮ್ಮನ ಕಿರಿಯ ಹಸು ಈಗ ತುಂಬು ಗಬ್ಬ. ಪ್ರತಿದಿನ ಪಾಳಿಗೆ ಹೊರಡುವಾಗ ಅದರ ಕೆಚ್ಚಲು ಎಷ್ಟು ಇಳಿದಿದೆ ಎಂದು ನೋಡುತ್ತೇನೆ. ಡಾಕ್ಟರು ಮಾತ್ರೆ ಹೆಚ್ಚು ಮಾಡಿದ್ದಾರೆ, ಬೆಳಿಗ್ಗೆ ನುಂಗುತ್ತೇನೆ. ಈ ಸಲ ಹೆಣ್ಣುಕರುವೇ ಆಗಲಿ ಎಂದು ನಾನು ಮಾದೇವಮ್ಮನಿಗಿಂತ ಹೆಚ್ಚಾಗಿ ಬೇಡಿಕೊಳ್ಳುತ್ತಿದ್ದೇನೆ. ಹೆಣ್ಣಾದರೆ ನೆಮ್ಮದಿಯಿಂದ ತಿನ್ನಬಹುದಲ್ಲ.