ನಾನೂ ಡ್ರ್ಯಾಗನ್ನೇ!

"ನಾನು ಡ್ರ್ಯಾಗನ್ ಅಕ್ಕಾ, ನೀವು ಮೊಲ!" ಸಮರ್‌ಸೆಟ್‌ನ ಚೀನೀ ಹೋಟೆಲಿನಲ್ಲಿ, ತಟ್ಟೆಯಡಿ ಹಾಸಿದ್ದ ಕಾಗದ ಓದಿ ನನಗಿಂತ ವರ್ಷ ಚಿಕ್ಕವಳಾದ ಗೆಳತಿ ಸುಮಾ ಕಿರುಚಿದಳು. ಹುಟ್ಟಿದ ವರ್ಷಕ್ಕೊಂದು ಪ್ರಾಣಿ ಅದರಲ್ಲಿ ಅಚ್ಚಾಗಿತ್ತು. ಡ್ರ್ಯಾಗನ್ ಮಹಾ ಅದೃಷ್ಟವಂತ, ಮೊಲ ಅಂಜುಬುರುಕ. ಗ್ರೀನ್ ಕಾರ್ಡೂ ಹಿಲ್ಸ್‌ಬರೋದಲ್ಲಿ ಸ್ವಂತ ಮನೆಯೂ ಇವಳಿಗೇ ಮೊದಲು ಸಿಕ್ಕಿದ್ದವು. ಈಗ ಡ್ರ್ಯಾಗನ್ನೂ ಇವಳಿಗೇ! ನನಗೆ ಹೊಟ್ಟೆ ಉರಿದುಹೋಯಿತು.

"ನಾನೂ ಡ್ರ್ಯಾಗನ್ನೇ! ಪಾಸ್‌ಪೋರ್ಟ್‌ನಲ್ಲಿರೋದು ಸ್ಕೂಲ್ ಡೇಟು. ಬೇಗ ಸೇರಿಸ್ಬೇಕು ಅಂತ ಅಪ್ಪ ವಯಸ್ಸು ಹೆಚ್ಚು ಹೇಳಿದ್ರು. ನಿಜವಾಗಿ ಹುಟ್ಟಿದ್ದು ನಿನ್ನ ವರ್ಷಾನೇ, ಜನವರೀಲಿ."

ಚಹಾ ತಂದ ಚೀನೀ ಆಂಟಿಯನ್ನೇ ವಿಚಾರಿಸಿದೆವು. ಸುಮಾ ಹುಟ್ಟಿದ ಆ ಸಲ ಚೀನೀಯರ ಹೊಸ ವರ್ಷ ಶುರುವಾಗಿದ್ದು ಫೆಬ್ರವರಿಯಲ್ಲಂತೆ. ಜನವರಿಯಲ್ಲಿ ಹುಟ್ಟಿದವರೆಲ್ಲ ಹಿಂದಿನ ವರ್ಷದ ಮೊಲಗಳೇ!

ಮಾರ್ಚ್‌ನಲ್ಲಿ ಹುಟ್ಟಿದ ಸುಮಾ ಬೆರಳು ಮಡಚಿ ಎಣಿಸಿದಳು. "ಅಂದ್ರೆ ನೀವು ನನಗಿಂತ ಎರಡೇ ತಿಂಗಳು ದೊಡ್ಡೋರಾ?"

ಈಗ ಫೋನ್ ಎತ್ತಿದರೆ ಸಾಕು, "ಏನೇ ಗೀತಾ" ಅನ್ನುತ್ತಾಳೆ. ಎರಡೆರಡು ಹುಟ್ಟಿದ ದಿನ ಇಟ್ಟುಕೊಂಡೂ ನಾನು ಮೊಲವಾಗಿಯೇ ಉಳಿದೆ. ಅವಳಿಗಿಲ್ಲದೆ ನನಗೊಬ್ಬಳಿಗೇ ಇದ್ದದ್ದು ‘ಅಕ್ಕ’ ಎಂಬ ಪಟ್ಟ. ಅದನ್ನೂ ನಾನೇ ಬಾಯಿಬಿಟ್ಟು ಕಳೆದುಕೊಂಡೆ.