ದೀಪ ಹಚ್ಚಿದ ಮೇಲೆ ಎತ್ತಬಾರದ ಹೆಸರು

ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ಸುಮತಿ ತಾಳಮಲೆಯ ತನ್ನ ಮನೆಯ ಒಳಕೋಣೆಯಲ್ಲಿ ತಲೆಯ ಮೇಲೆ ಕಂಬಳಿ ಹೊದ್ದು, ರೆಕಾರ್ಡ್ ಮಾಡುತ್ತಿದ್ದ ಮೊಬೈಲಿನ ಮುಂದೆ ಮಕ್ಕಳ ಕತೆಯೊಂದರ ಕೊನೆಯ ಪುಟ ಓದುತ್ತಿದ್ದಳು. ಕಂಬಳಿ ಗೋಡೆಗಳ ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ಸೆಕೆಗೆ ಮಾತ್ರ ಏನೂ ಮಾಡುವುದಿಲ್ಲ.

ಮುಸುಕಿನ ಜೋಳ ಬಿಡಿಸುವ ಕೂಲಿ ಹೆಂಗಸರಿಗೆ ಶಾಲೆಯ ಪುಸ್ತಕ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಕಾಲದಿಂದಲೂ ಅವಳಿಗೆ ಇದೊಂದೇ ಹುಚ್ಚು. ಈಗ ಮೈಸೂರಿನ ಆಡಿಯೊ ಪುಸ್ತಕದ ಕಂಪನಿಯೊಂದು ಪರೀಕ್ಷೆಗೆಂದು ಈ ಕಾಡಿನ ಕತೆ ಕಳಿಸಿತ್ತು. ಒಪ್ಪಿಗೆಯಾದರೆ ಅವಳು ಅವರ ಖಾಯಂ ಓದುಗಾರ್ತಿ. ಇಲ್ಲದಿದ್ದರೆ ಮತ್ತೆ ಸತ್ಯಮಂಗಲದ ಜವಳಿ ಅಂಗಡಿ.

ಮರುದಿನ ಕಂಪನಿಯ ಮಧುಕುಮಾರ್ ಫೋನ್ ಮಾಡಿದರು.

“ಪುಸ್ತಕದಲ್ಲಿ ‘ಹುಲಿ’ ಅಂತಿದೆಯಲ್ಲಮ್ಮ. ನೀವು ಎಲ್ಲಾ ಕಡೆ ‘ದೊಡ್ಡಯ್ಯ’ ಅಂತ ಓದಿದ್ದೀರಿ.”

“ಇಲ್ಲ ಸಾರ್, ಇದ್ದದ್ದನ್ನೇ ಓದಿದೆ.”

“ಕೇಳಿ ನೋಡಿ. ದೊಡ್ಡಯ್ಯ ಪೊದೆಯಿಂದ ಹಾರಿ ಜಿಂಕೆಯ ಕುತ್ತಿಗೆ ಕಚ್ಚಿದ. ಮಕ್ಕಳು ಇನ್ನು ತಾತನ ಮನೆಗೆ ಹೋಗ್ತಾವಾ?”

ಕೇಳಿದಳು. ನಿಜ. ಕಣ್ಣು ಒಂದನ್ನು ಕಂಡಿತ್ತು, ಬಾಯಿ ಇನ್ನೊಂದನ್ನು ಹೇಳಿತ್ತು. ನಡುವೆ ಏನಾಯಿತೆಂದು ಅವಳಿಗೇ ತಿಳಿಯಲಿಲ್ಲ. ಅವಳ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಆ ಪ್ರಾಣಿಯ ಹೆಸರೆತ್ತುವುದಿಲ್ಲ, ದೊಡ್ಡಯ್ಯ ಎನ್ನುತ್ತಾರೆ. ಹೆಸರೆತ್ತಿದರೆ ಕರೆದಂತೆ. ಹಗಲಾದರೆ ಅಡ್ಡಿಯಿಲ್ಲ.

ಹಗಲೇ ಓದೋಣವೆಂದು ಕೂತಳು. ಬಸ್ಸು, ಪಕ್ಕದ ಮನೆಯ ಮಿಕ್ಸಿ, ಕೋಳಿ. ಕೊನೆಗೆ ಆ ಪದವನ್ನಷ್ಟೇ ಹಗಲಲ್ಲಿ ಓದಿ, ಸಂಜೆಯ ಓದಿನೊಳಗೆ ಜೋಡಿಸಿ ಕಳಿಸಿದಳು.

“ಹುಲಿ ಬಂದಾಗಲೆಲ್ಲ ಹಿಂದೆ ಕೋಳಿ ಕೂಗುತ್ತೆ,” ಎಂದರು ಮಧುಕುಮಾರ್. “ನಾಳೆ ಬೆಳಿಗ್ಗೆಯೊಳಗೆ ಒಂದೇ ಸಲಕ್ಕೆ ಕೂತು ಓದಿ ಕಳಿಸಿ. ಆಗದಿದ್ದರೆ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ.”

ಊರು ಸದ್ದಡಗುವುದು ದೀಪ ಹಚ್ಚಿದ ಮೇಲೆಯೇ. ಆ ಸಂಜೆ ಸುಮತಿ ಒಲೆಯ ಮುಂದಿದ್ದ ಅವ್ವ ಮಾದಕ್ಕನ ಬಳಿ ಬಂದು ಕೂತಳು.

“ಅವ್ವಾ, ಮೊಬೈಲ್‌ಗ ಯೋಳುದ್ರೂ ಕರದಂಗೇಯಾ?”

“ನಂಗೇನವ್ವ ಗೊತ್ತು? ನಮ್ಮಜ್ಜಿ ಕಾಲ್ದಲ್ಲಿ ಮೊಬೈಲಿತ್ತಾ, ಯೋಳಕೆ?”

“ಮೈಸೂರಲ್ಲಿ ಯಾವ್ದೋ ಕೂಸು ರಾತ್ರಿ ಕೇಳ್ತದ ಅನ್ಕೊ. ಆಗ ಕರದೋಳು ನಾನಾ, ಆ ಕೂಸಾ?”

“ಇಷ್ಟೊಂದ್ ಓದ್ಬುಟ್ಟು ನನ್ ಕೇಳ್ತೀಯಲ್ಲ!” ಮಾದಕ್ಕ ಉರಿ ತಗ್ಗಿಸಿದಳು. “ಓದೋದಾದ್ರ ಓದು. ನಾ ಬಾಗ್ಲಾಕ್ಕಂಡು ಕುಂತಿರ್ತೀನಿ. ಎಷ್ಟ್ ಸಲ ಕರದೆ ಅಂತ ಯೋಳ್ಬುಡು, ಅಷ್ಟ್ ಸಲ ತಪ್ಪಾಯ್ತು ಅಂತೀನಿ.”

ಸುಮತಿ ಓದಿದಳು. ಆ ಪದ ಹೇಳಿದ ಕೂಡಲೇ ಮುಂದಿನ ಮಾತು ತಡವರಿಸುತ್ತಿತ್ತು. ಎಷ್ಟೋ ಸಾಲುಗಳನ್ನು ಮತ್ತೆ ಓದಬೇಕಾಯಿತು.

ಕಂಪನಿ ಆ ಓದನ್ನು ಒಪ್ಪಿತು. ಮೂರು ವರ್ಷಗಳಿಂದ ಅದೇ ಅವಳ ಕೆಲಸ. “ಹುಲಿ ಅನ್ನುವಾಗ ಧ್ವನಿ ಸಣ್ಣಗೆ ನಡುಗುತ್ತಲ್ಲ, ಅದನ್ನ ಹೇಗೆ ಮಾಡಿದ್ರಿ?” ಎಂದು ಮಧುಕುಮಾರ್ ಆಗ ಕೇಳಿದ್ದರು. ತಾನು ಮಾಡಿದ್ದು ಸರಿಯೋ ತಪ್ಪೋ ಎಂಬುದೇ ಅವಳಿಗೆ ಇನ್ನೂ ಬಗೆಹರಿದಿಲ್ಲ.

ಆ ಸಂಜೆ ಓದು ಮುಗಿಸಿ, ಕಂಬಳಿ ಸರಿಸಿ ಹೊರಬಂದಾಗ ಅವ್ವ ಕೈಮುಗಿದು ಕೂತಿದ್ದಳು. ಪುಸ್ತಕದಲ್ಲಿ ಆ ಪದ ಇದ್ದದ್ದು ನಲವತ್ತೊಂದು ಸಲ. ಆದರೆ ತಪ್ಪಿ ಮತ್ತೆ ಓದಿದ ಸಾಲುಗಳು? ಮೊಬೈಲಿನಿಂದ ಅವನ್ನು ಅಳಿಸಲಿದ್ದಳು. ಅಳಿಸಿದ ಕರೆಯೂ ಕರೆಯೋ, ಅಲ್ಲವೋ? ತಿಳಿಯದೆ, ಅವನ್ನೂ ಸೇರಿಸಿದಳು.

“ಎಷ್ಟವ್ವ?” ಎಂದಳು ಮಾದಕ್ಕ.

“ಅರವತ್ಮೂರು.”