ಬೆನ್ನಿಗೆ ಒತ್ತಿ ಹೇಳಿದ ಉತ್ತರ

ಮೊನ್ನೆ ಕಾಪುವಿನಿಂದ ಬರುವ ಬಸ್ಸಿನಲ್ಲಿ ಪಕ್ಕದವರು ಮೊಣಕಾಲಿಗೆ ನೋವಿನ ಎಣ್ಣೆ ತಿಕ್ಕಿಕೊಂಡರು. ಆ ಕರ್ಪೂರದ ವಾಸನೆಗೆ, ಪಂದ್ಯದ ದಿನ ಅದನ್ನೇ ಹಚ್ಚುತ್ತಿದ್ದ ಮೇಸ್ತ್ರಿ ನೆನಪಾದರು...

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವರು ಮೇಸ್ತ್ರಿಯಾಗಿದ್ದ ಬನ್ನಂಜೆಯ ಲೇತ್ ವರ್ಕ್‌ಶಾಪಿಗೆ ಸೇರಿದವನು ನಾನು. ಇವತ್ತು ನನ್ನದೇ ಎರಡು ಲೇತ್ ಉಂಟು, ಅವರು ಕಲಿಸಿದ ಕೆಲಸದಿಂದ. ಕಬ್ಬಿಣದ ಮೇಲೆ ಬೆರಳಾಡಿಸಿ, "ಇನ್ನೊಂದು ಕೂದಲೆಳೆ ತೆಗಿ ಮಾರಾಯ" ಎನ್ನುತ್ತಿದ್ದರು. ಅಳೆದು ನೋಡಿದರೆ ಅಷ್ಟೇ ಜಾಸ್ತಿ ಇರುತ್ತಿತ್ತು. ಸಂಜೆ ಶಟರ್ ಎಳೆದ ಮೇಲೆ ಹಿಂದಿನ ಶೆಡ್ಡಿನಲ್ಲಿ ನಮ್ಮ ಬಾಕ್ಸಿಂಗ್. ರಕ್ತ ಬಂದರೆ ಮಾತ್ರ ಪೆಟ್ಟು ಅಂತ ಲೆಕ್ಕ; ತಲೆ ತಿರುಗಿದರೆ ನೀರು ಕುಡಿದು ಪುನಃ ನಿಲ್ಲುವುದು.

ಕಾರ್ಕಳದಲ್ಲಿ ಮೇಸ್ತ್ರಿಯ ಪಂದ್ಯದ ಹಿಂದಿನ ದಿನ ಅಭ್ಯಾಸದಲ್ಲಿ ನನ್ನದೇ ಗುದ್ದು ಅವರ ಕಿವಿಯ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿದರು. "ನಾಳೆ ಬಸ್ಸು ಎಷ್ಟು ಗಂಟೆಗೆ?" ಎಂದು ಮೂರು ಸಲ ಕೇಳಿದರು. ಆಡುವುದು ಬೇಡ ಎಂಬ ಮಾತು ನನ್ನ ಬಾಯಿಯವರೆಗೆ ಬಂತು. ಆದರೆ ಎದುರಾಳಿ ಕಾಲೇಜಿನವ. ಶಾಲೆ ಬಿಟ್ಟವರು ಹೆದರಿದರು ಅಂತ ಆಗಬಾರದಲ್ಲ...

ಮೊದಲ ಸುತ್ತಿನಲ್ಲೇ ಅವರ ಕಾಲು ತಡವರಿಸಿತು. "ಎಂತ ಮೇಸ್ತ್ರಿ, ಕರೆಂಟು ಹೋಯ್ತಾ?" ಯಾರೋ ಕೂಗಿದರು, ಜನ ನಕ್ಕರು. ಬಿಡುವಿನಲ್ಲಿ ಡಾಕ್ಟರು ಬಂದು ಬೆರಳು ತೋರಿಸಿ, "ಎಷ್ಟು ಉಂಟು?" ಎಂದು ಕೇಳಿದರು. ಮೇಸ್ತ್ರಿಯ ಕಣ್ಣು ಎಲ್ಲೋ ಇತ್ತು. ನಾನು ಹಿಂದೆ ನಿಂತು, ಬೆವರು ಒರೆಸುವವನ ಹಾಗೆ, ಟವೆಲಿನ ಅಡಿಯಿಂದ ಅವರ ಬೆನ್ನಿಗೆ ಮೂರು ಸಲ ಒತ್ತಿದೆ.

"ಮೂರು," ಎಂದರು.

ಡಾಕ್ಟರು ಇಳಿದು ಹೋದರು. ಮತ್ತೆರಡು ಸುತ್ತು ಪೆಟ್ಟು ತಿಂದೂ ಮೇಸ್ತ್ರಿ ಗೆದ್ದರು. ವಾಪಸು ಬರುವ ಬಸ್ಸಿನಲ್ಲಿ, "ಯಾರು ಗೆದ್ದದ್ದು?" ಎಂದು ಕೇಳಿದರು. ತಮಾಷೆ ಅಂತ ನಾನು ನಕ್ಕೆ.

ಆಮೇಲೂ ಎಷ್ಟೋ ಪಂದ್ಯ ಆಡಿದರು. ಬರಬರುತ್ತಾ ಕಬ್ಬಿಣದ ಮೇಲೆ ಆಡುತ್ತಿದ್ದ ಆ ಬೆರಳಿಗೆ ಅಳತೆ ತಿಳಿಯದಾಯಿತು. ತಲೆನೋವು, ಸಿಟ್ಟು, ಮರೆವು... ಕೊನೆಗೆ ಸ್ವಂತ ಮನೆಯ ದಾರಿಯೂ. ಒಂದೇ ಪೆಟ್ಟಿನಿಂದ ಹೀಗಾಯಿತು ಎನ್ನಲಿಕ್ಕಾಗದು, ವರ್ಷಗಟ್ಟಲೆ ತಿಂದದ್ದು, ಸುಧಾರಿಸಿಕೊಳ್ಳದೆ ಪುನಃ ಕಣಕ್ಕೆ ಇಳಿದದ್ದು ಎಂದು ಮಣಿಪಾಲದ ಡಾಕ್ಟರು ಹೇಳಿದರಂತೆ. ಹೋದ ವರ್ಷ ಮೇಸ್ತ್ರಿ ತೀರಿಕೊಂಡರು.

ಮೊನ್ನೆ ಬಸ್ಸಿಳಿದವನು ನನ್ನ ಮನೆಗೆ ಹೋಗಲಿಲ್ಲ. ಕಲ್ಯಾಣಪುರದ ಅವರ ಮನೆಗೆ ಹೋಗಿ, ಅವರ ಹೆಂಡತಿಗೆ ಎಲ್ಲ ಹೇಳಿದೆ. ಅಕ್ಕ ಅಲಸಂಡೆ ಮುರಿಯುತ್ತಿದ್ದರು. ಕೈ ನಿಲ್ಲಲಿಲ್ಲ.

"ಅವತ್ತು ಕಾರ್ಕಳದಿಂದ ಕರೆದುಕೊಂಡು ಬಂದಾಗ, ಇವರಿಗೆ ಎಂತ ಆಗಿದೆ ಅಂತ ನಾನು ನಿನ್ನತ್ರ ಕೇಳಿದ್ದೆ, ಅಲ್ವಾ?"

"ಹೌದು ಅಕ್ಕ."

"ಸುಸ್ತು ಅಂದೆ ನೀನು."

ಅಕ್ಕ ತರಕಾರಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ತುಂಬ ಹೊತ್ತು ಕೂತಿದ್ದೆ... ಅಕ್ಕ ಮತ್ತೆ ಹೊರಗೆ ಬರಲಿಲ್ಲ.